ಮಂದಿ ಎಷ್ಟು ಹೇಳ್ರಿ, ಭಜ್ಜಿ ಎಷ್ಟು ಹೇಳ್ತೀನಿ

ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಬೀದರ್ ಜಿಲ್ಲೆಯ ಯಾವ ಹಳ್ಳಿಯ ಅಡುಗೆಮನೆಗೆ ಹೋದರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: ‘ನಾಳಿ ಹೊಲಕ್ಕ ಎಷ್ಟ್ ಮಂದಿ ಬರ್ತಾರ?’ ಕೇಳುವವಳು ಮನೆಯ ಹಿರಿಯಾಕೆ. ಇಪ್ಪತ್ತು ಮಂದಿ ಎಂದರೆ ಸಾಕು. ಭಜ್ಜಿಗೆ ಹಸಿ ತೊಗರಿ, ಕಡಲೆ, ಅವರೆ ಎಷ್ಟು ಸುಲಿಯಬೇಕು, ಮೆಂತ್ಯೆ ಎಷ್ಟು ಕಟ್ಟು, ಸಜ್ಜೆ ರೊಟ್ಟಿ ಎಷ್ಟು, ಅಂಬಲಿಗೆ ಯಾವ ಗಡಿಗೆ ಎಂಬುದೆಲ್ಲ ಆಕೆಯ ಬಾಯಿಂದ ಸರಸರನೆ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಹೈದರಾಬಾದಿನಿಂದ ಫೋನು ಬಂದು, ಬೀಗರ ಕಡೆಯ ಹದಿನೈದು ಮಂದಿಯೂ ಬರುತ್ತಾರೆ ಎಂದು ತಿಳಿದರೂ ಆಕೆ ಗಾಬರಿಯಾಗುವುದಿಲ್ಲ. ಇಪ್ಪತ್ತು ಹೋಗಿ ಮೂವತ್ತೈದಾಯಿತು, ಮಿಕ್ಕದ್ದೆಲ್ಲ ಅದರ ಹಿಂದೆ ಸಾಲುಗಟ್ಟಿತು. ಎಲ್ಲವೂ ಒಂದೇ ಲೆಕ್ಕದಲ್ಲಿ ಏರುವುದೂ ಇಲ್ಲ. ಕಾಳು ಮಂದಿಯ ಲೆಕ್ಕಕ್ಕೆ ಏರುತ್ತದೆ, ಖಾರ ಅಷ್ಟು ಏರುವುದಿಲ್ಲ, ಪಾತ್ರೆ ಒಂದಿದ್ದದ್ದು ಎರಡಾಗುತ್ತದೆ. ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬುದು ಆಕೆಗೆ ಕರಗತ.

ಈಗ ಎಲೆಕ್ಟ್ರಾನಿಕ್ಸ್ ಓದುವ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬರೆಯುವುದನ್ನು ನೋಡೋಣ. ಚಿತ್ರದಲ್ಲಿರುವ ರೆಸಿಸ್ಟರ್ ಮೇಲೆ ಮೌಸ್ ಇಟ್ಟು ಎರಡು ಸಲ ಒತ್ತುತ್ತಾನೆ. ಸಣ್ಣದೊಂದು ಕಿಟಕಿ ತೆರೆಯುತ್ತದೆ. 10 ಕಿಲೋ ಓಮ್ ಅಳಿಸಿ 12 ಎಂದು ಹೊಡೆಯುತ್ತಾನೆ, ಓಕೆ ಒತ್ತುತ್ತಾನೆ, ಸಿಮ್ಯುಲೇಷನ್ ಓಡಿಸುತ್ತಾನೆ, ಗ್ರಾಫ್ ನೋಡುತ್ತಾನೆ. ಸರಿ ಬರಲಿಲ್ಲ. ಮತ್ತೆ ಕಿಟಕಿ, ಮತ್ತೆ ಅಳಿಸುವುದು, 15 ಹೊಡೆಯುವುದು. ಇಪ್ಪತ್ತನೆಯ ಸಲಕ್ಕೆ ಯಾವ ಗ್ರಾಫ್ ಯಾವ ಅಂಕಿಯದ್ದು ಎಂಬುದೇ ಅವನಿಗೆ ಮರೆತಿರುತ್ತದೆ. ಕೊನೆಗೆ ಒಂದು ಸಲ ಗೆರೆ ಬೇಕಾದ ಕಡೆ ಬಂದಾಗ ‘ಸರ್, ಈಗ ಸರಿ ಅದ ನೋಡ್ರಿ’ ಎನ್ನುತ್ತಾನೆ. ಸರಿ ಇರುವುದು ಆ ಒಂದು ಅಂಕಿಗೆ, ಆ ಒಂದು ಕ್ಷಣಕ್ಕೆ. ‘ಮಂದಿ ಎಷ್ಟು’ ಎಂಬ ಪ್ರಶ್ನೆಯನ್ನು ಅವನು ಎಲ್ಲೂ ಬರೆದಿಟ್ಟಿಲ್ಲ.

ಅದನ್ನು ಬರೆದಿಡುವ ವಿದ್ಯೆಯೇ ಇವತ್ತಿನ ವಿಷಯ. ಸರ್ಕ್ಯೂಟ್ ತಂತ್ರಾಂಶದಲ್ಲಿ ಬಿಡಿಭಾಗಗಳ ಅಂಕಿಗಳನ್ನು ಮೌಸಿನಿಂದ ತಿದ್ದುವ ಬದಲು, ನಾಲ್ಕಾರು ಸಾಲಿನ ಸ್ಕ್ರಿಪ್ಟ್ ಬರೆದು ತಿದ್ದಿಸುವುದು. ಕೇಳುವುದಕ್ಕೆ ಬೆಂಗಳೂರಿನ ದೊಡ್ಡ ಕಂಪನಿಗಳ ವ್ಯವಹಾರದಂತಿದೆ. ಆದರೆ ಬೀದರಿನಲ್ಲಿ 1980ರಿಂದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಇದೆ. ಭಾಲ್ಕಿಯಲ್ಲಿ 1982ರಲ್ಲಿ ರೂರಲ್ ಎಂಜಿನಿಯರಿಂಗ್ ಕಾಲೇಜು ಎಂಬ ಹೆಸರಿನಲ್ಲಿ ಶುರುವಾದದ್ದು ಇಂದು ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ನಲವತ್ತು ವರ್ಷಗಳಿಂದ ಸರ್ಕ್ಯೂಟ್ ಓದುವ ಮಕ್ಕಳಿರುವ ಜಿಲ್ಲೆಗೆ ಇದು ಹೊರಗಿನ ಮಾತಲ್ಲ. ಬೇಕಾದ ತಂತ್ರಾಂಶಗಳಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ಔರಾದಿನ ಒಂದು ಸೋಲಾರ್ ದೀಪ

ವಿಷಯ ಕೈಗೆ ಸಿಗಬೇಕಾದರೆ ಒಂದು ನಿಜವಾದ ಲೆಕ್ಕ ಬೇಕು. ಕರ್ನಾಟಕದ ತುತ್ತತುದಿಯ ತಾಲೂಕು ಔರಾದ್. ಅಲ್ಲಿನ ಒಂದು ಹಳ್ಳಿಯ ರಸ್ತೆಗೆ ಸೋಲಾರ್ ದೀಪ ಮಾಡಬೇಕು ಎಂದುಕೊಳ್ಳಿ. ಹಗಲು ಪ್ಯಾನೆಲ್ಲು 12 ವೋಲ್ಟಿನ ಬ್ಯಾಟರಿ ತುಂಬಿಸುತ್ತದೆ, ರಾತ್ರಿ ದೀಪ ಅದನ್ನು ಖಾಲಿ ಮಾಡುತ್ತದೆ. ಸೀಸ ಮತ್ತು ಆ್ಯಸಿಡ್ಡಿನ ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು. ಹಿಂಡಿದರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಸಾಯುತ್ತದೆ. ಒಳಗೆ ಆರು ಸೆಲ್ಲುಗಳಿವೆ. ಒಂದೊಂದು 1.8 ವೋಲ್ಟಿಗೆ ಇಳಿದಾಗ ನಿಲ್ಲಿಸಬೇಕು ಎಂದರೆ ಒಟ್ಟು 10.8 ವೋಲ್ಟಿಗೆ ದೀಪ ಆರಬೇಕು.

ಇದಕ್ಕೆ ಬೇಕಾದ ಸರ್ಕ್ಯೂಟ್ ಚಿಕ್ಕದು. ಎರಡು ರೆಸಿಸ್ಟರ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ ಬ್ಯಾಟರಿಗೆ ಕಟ್ಟಿದರೆ ನಡುವಿನ ಬಿಂದುವಿನಲ್ಲಿ ಬ್ಯಾಟರಿಯ ವೋಲ್ಟೇಜಿನ ಒಂದು ಪಾಲು ಸಿಗುತ್ತದೆ. ಆ ಪಾಲನ್ನು ಅಲುಗಾಡದ 2.5 ವೋಲ್ಟಿನ ಜೊತೆ ಹೋಲಿಸಬೇಕು, ಕೆಳಗಿಳಿದರೆ ದೀಪ ಆರಿಸಬೇಕು. ಮೇಲಿನದು 33 ಕಿಲೋ ಓಮ್, ಕೆಳಗಿನದು 10 ಕಿಲೋ ಓಮ್ ಇಟ್ಟರೆ 2.5ನ್ನು 4.3ರಿಂದ ಗುಣಿಸಿದಂತೆ, ಅಂದರೆ 10.75 ವೋಲ್ಟು. ಬೇಕಾದದ್ದಕ್ಕೆ ಹತ್ತಿರವೇ ಬಂತು. ಹುಡುಗ ಗ್ರಾಫ್ ನೋಡಿ ಸರಿ ಅದ ಅನ್ನುವುದು ಇಲ್ಲಿ.

ಅಂಗಡಿಗೆ ಹೋಗೋಣ. ಸಾಮಾನ್ಯವಾಗಿ ಸಿಗುವ ರೆಸಿಸ್ಟರಿನ ಮೈಮೇಲೆ ಬಂಗಾರ ಬಣ್ಣದ ಒಂದು ಪಟ್ಟಿ ಇರುತ್ತದೆ. ಬರೆದ ಅಂಕಿಗಿಂತ ಶೇಕಡಾ 5ರಷ್ಟು ಆಚೀಚೆ ಇದ್ದೀತು ಎಂದು ತಯಾರಕ ಹೇಳುವ ಮಾತು ಅದು. ಮೇಲಿನ ರೆಸಿಸ್ಟರ್ ಶೇ. 5 ಹೆಚ್ಚು, ಕೆಳಗಿನದು ಶೇ. 5 ಕಡಿಮೆ ಸಿಕ್ಕಿತು ಎಂದುಕೊಳ್ಳಿ. 34.65 ಕಿಲೋ ಓಮ್ ಮತ್ತು 9.5 ಕಿಲೋ ಓಮ್. ಆಗ ದೀಪ 11.62 ವೋಲ್ಟಿಗೇ ಆರುತ್ತದೆ. ಬ್ಯಾಟರಿಯಲ್ಲಿ ಬಳಸಬಹುದಾದ ಶಕ್ತಿ ಇನ್ನೂ ಇದೆ, ಊರು ಕತ್ತಲಲ್ಲಿದೆ. ತಿರುಗುಮುರುಗಾಗಿ ಮೇಲಿನದು ಕಡಿಮೆ, ಕೆಳಗಿನದು ಹೆಚ್ಚು ಸಿಕ್ಕಿದರೆ ದೀಪ 9.96 ವೋಲ್ಟಿನವರೆಗೂ ಉರಿಯುತ್ತದೆ. ಊರಿನವರಿಗೆ ಖುಷಿ, ಬ್ಯಾಟರಿಯ ಆಯುಸ್ಸಿಗೆ ಕುತ್ತು. ಒಂದೇ ನಕ್ಷೆ, ಒಂದೇ ಅಂಗಡಿ, ಎರಡು ದೀಪಗಳ ನಡವಳಿಕೆಯಲ್ಲಿ ಒಂದೂವರೆ ವೋಲ್ಟಿಗೂ ಮೀರಿದ ಅಂತರ.

ಪಠ್ಯಪುಸ್ತಕದ ಕನ್ನಡದಲ್ಲಿ ಪ್ಯಾರಾಮೀಟರಿಗೆ ‘ನಿಯತಾಂಕ’ ಎನ್ನುತ್ತೇವೆ. ನಿಯತವಾದ ಅಂಕ. ಅಂಗಡಿಯಿಂದ ಬರುವ ಯಾವ ಬಿಡಿಭಾಗದ ಅಂಕವೂ ಅಷ್ಟು ನಿಯತವಾಗಿರುವುದಿಲ್ಲ. ಅದೊಂದು ಹರವು. ಮೌಸ್ ಹಿಡಿದು ಒಂದೊಂದೇ ಅಂಕಿ ಹೊಡೆಯುವವನಿಗೆ ಈ ಹರವು ಕಣ್ಣಿಗೆ ಬೀಳುವುದೇ ಇಲ್ಲ. ಅವನು ಪ್ರತಿ ಸಲ ನೋಡುವುದು ಒಂದು ಚುಕ್ಕಿಯನ್ನು. ಸ್ಕ್ರಿಪ್ಟಿನ ಮೊದಲ ಲಾಭವೆಂದರೆ ಸಮಯ ಉಳಿಯುವುದು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಎರಡನೆಯದು. ಮೊದಲನೆಯದು ಈ ಹರವು ಕಾಣುವುದು.

ಕಾರ್ಡಿನ ಕಾಲದ ವ್ಯಾಕರಣ

ಸರ್ಕ್ಯೂಟಿನ ಚಿತ್ರ ಮನುಷ್ಯರಿಗೆ. ಲೆಕ್ಕ ಮಾಡುವ ಯಂತ್ರ ಚಿತ್ರವನ್ನು ಓದುವುದಿಲ್ಲ, ಅದು ಓದುವುದು ಒಂದು ಪಟ್ಟಿಯನ್ನು. ಆರ್1 ಎಂಬ ರೆಸಿಸ್ಟರ್ ಈ ಬಿಂದುವಿನಿಂದ ಆ ಬಿಂದುವಿಗೆ, ಅಂಕಿ ಇಷ್ಟು. ಸಿ1 ಎಂಬ ಕೆಪಾಸಿಟರ್ ಇಲ್ಲಿಂದ ಅಲ್ಲಿಗೆ, ಅಂಕಿ ಇಷ್ಟು. ಕಿರಾಣಿ ಚೀಟಿಯಂಥ ಈ ಪಟ್ಟಿಗೆ ನೆಟ್‌ಲಿಸ್ಟ್ ಎಂದು ಹೆಸರು. ಇದರ ವ್ಯಾಕರಣವನ್ನು ಕೊಟ್ಟದ್ದು ಸ್ಪೈಸ್ ಎಂಬ ತಂತ್ರಾಂಶ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ, ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಬರೆದದ್ದು. ಹೊರಜಗತ್ತಿಗೆ ಅದು ಪರಿಚಯವಾದದ್ದು 1973ರಲ್ಲಿ. ಅದರ ಹಿಂದಿನ ಅವತಾರ ಹುಟ್ಟಿದ್ದು ತರಗತಿಯ ಪ್ರಾಜೆಕ್ಟ್ ಆಗಿ ಎಂಬುದನ್ನು ನಮ್ಮ ಮಕ್ಕಳು ನೆನಪಿಡಬೇಕು. ಪ್ರಾಜೆಕ್ಟ್ ಎಂದರೆ ಬೈಂಡ್ ಮಾಡಿಸಿ ಕೊಡುವ ಪುಸ್ತಕ ಎಂದಷ್ಟೇ ತಿಳಿದವರಿಗೆ ಇದು ಒಳ್ಳೆಯ ಸುದ್ದಿ.

ಆಗ ಕಂಪ್ಯೂಟರಿಗೆ ಮಾತು ಮುಟ್ಟಿಸುತ್ತಿದ್ದದ್ದು ತೂತು ಕೊರೆದ ಕಾರ್ಡುಗಳು. ಒಂದು ಸಾಲಿಗೆ ಒಂದು ಕಾರ್ಡು. ಆ ಕಾಲದ ಗುರುತುಗಳು ಇವತ್ತಿಗೂ ಉಳಿದಿವೆ. ಸ್ಪೈಸ್ ಪಟ್ಟಿಯ ಮೊದಲ ಸಾಲನ್ನು ಯಂತ್ರ ಶೀರ್ಷಿಕೆ ಎಂದೇ ಹಿಡಿಯುತ್ತದೆ, ಅಲ್ಲಿ ಏನೇ ಬರೆದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಹುಕಾರರ ಲೆಕ್ಕದ ವಹಿಯಲ್ಲಿ ಮೇಲೆ ‘ಶ್ರೀ’ ಬರೆಯುವ ಜಾಗ ಅದು. ಅವಸರದಲ್ಲಿ ಅಲ್ಲೇ ರೆಸಿಸ್ಟರ್ ಬರೆದವರ ರೆಸಿಸ್ಟರ್ ಮಾಯ.

ಪಟ್ಟಿ ಬರೀ ಅಕ್ಷರವಾದ್ದರಿಂದ ಅದನ್ನು ಇನ್ನೊಂದು ಪ್ರೋಗ್ರಾಂ ತಿದ್ದಬಹುದು. ವಿಷಯದ ಬುಡ ಇರುವುದು ಇಲ್ಲಿ. ತಿದ್ದುವುದಕ್ಕೆ ಮೂರು ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲು ಅಂಕಿಗೆ ಹೆಸರಿಡುವುದು. ಆರ್2 ಎಂದರೆ 10 ಕಿಲೋ ಓಮ್ ಎಂದು ಬರೆಯುವ ಬದಲು, ಮೇಲೆ ಒಂದು ಸಾಲಿನಲ್ಲಿ ‘ಕೆಳರೋಧ = 10 ಕಿಲೋ’ ಎಂಬಂತೆ ಬರೆದು, ಪಟ್ಟಿಯಲ್ಲಿ ಪುಷ್ಪಾವರಣದೊಳಗೆ ಹೆಸರನ್ನಷ್ಟೇ ಕೊಡುವುದು. ಸ್ಪೈಸಿನಲ್ಲಿ ಈ ಸಾಲು ಚುಕ್ಕಿಯಿಂದ ಶುರುವಾಗುತ್ತದೆ, ಡಾಟ್ ಪ್ಯಾರಂ ಎಂದು ಓದುತ್ತಾರೆ. ಹೆಸರಿನ ಜಾಗದಲ್ಲಿ ಲೆಕ್ಕವನ್ನೂ ಬರೆಯಬಹುದು. ಮೇಲಿನ ರೆಸಿಸ್ಟರ್ ಅಂದರೆ ಕೆಳಗಿನದರ 3.3 ಪಟ್ಟು ಎಂದು ಒಮ್ಮೆ ಬರೆದರೆ, ಕೆಳಗಿನದನ್ನು ಬದಲಿಸಿದಾಗ ಮೇಲಿನದು ತಾನೇ ಬದಲಾಗುತ್ತದೆ. ಎಳ್ಳಮಾವಾಸ್ಯೆಯ ಅಡುಗೆಮನೆಯ ಹಿರಿಯಾಕೆ ಮಂದಿಯ ಲೆಕ್ಕ ಹಿಡಿದದ್ದು ಹೀಗೇ.

ಎರಡನೆಯ ಮೆಟ್ಟಿಲು ತಂತ್ರಾಂಶದೊಳಗಿನ ಆಜ್ಞೆಗಳು. ಸ್ಪೈಸಿನ ವಂಶದ ಉಚಿತ ತಂತ್ರಾಂಶ ಎನ್‌ಜಿಸ್ಪೈಸ್. ಅದರಲ್ಲಿ ‘ಆಲ್ಟರ್’ ಎಂಬ ಆಜ್ಞೆ ಓಡುತ್ತಿರುವ ಸರ್ಕ್ಯೂಟಿನ ಒಂದು ಭಾಗದ ಅಂಕಿ ಬದಲಿಸುತ್ತದೆ, ‘ಆಲ್ಟರ್‌ಮಾಡ್’ ಟ್ರಾನ್ಸಿಸ್ಟರಿನಂಥವುಗಳ ಮಾದರಿಯೊಳಗಿನ ಗುಣವನ್ನು ಬದಲಿಸುತ್ತದೆ, ‘ಫೋರೀಚ್’ ಒಂದು ಪಟ್ಟಿಯ ಪ್ರತಿ ಅಂಕಿಗೂ ಅದೇ ಕೆಲಸ ಮರಳಿ ಮಾಡಿಸುತ್ತದೆ. ಅದೇ ವಂಶದ ಎಲ್‌ಟಿಸ್ಪೈಸ್‌ನಲ್ಲಿ ‘ಸ್ಟೆಪ್’ ಎಂಬ ಒಂದೇ ಸಾಲು ಇಂಥ ಸುತ್ತುಗಳನ್ನು ಹೊಡೆಸುತ್ತದೆ.

ಮೂರನೆಯದು ಹೊರಗಿನಿಂದ ಆಳುವುದು. ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನೆಟ್‌ಲಿಸ್ಟನ್ನು ತೆರೆದು, ಆರ್1ಕ್ಕೆ ಈ ಅಂಕಿ ಕೊಟ್ಟು, ಸ್ಪೈಸನ್ನು ಓಡಿಸಿ, ಫಲಿತಾಂಶವನ್ನು ಕೋಷ್ಟಕಕ್ಕೆ ಬರೆದು, ಮುಂದಿನ ಅಂಕಿಗೆ ಹೋಗುತ್ತದೆ. ಪೈಸ್ಪೈಸ್, ಪೈಎಲ್‌ಟಿಸ್ಪೈಸ್ ಎಂಬ ಉಚಿತ ಉಪಕರಣಗಳು ಇದಕ್ಕೆಂದೇ ಇವೆ. ಬೋರ್ಡ್ ವಿನ್ಯಾಸದ ಕೀಕ್ಯಾಡ್ ಎಂಬ ತಂತ್ರಾಂಶವನ್ನು 1992ರಲ್ಲಿ ಫ್ರಾನ್ಸಿನ ಜಾನ್ ಪಿಯರ್ ಶಾರಾ ಶುರು ಮಾಡಿದರು. ಅದರ ಕಡತಗಳೂ ಬರಿಗಣ್ಣಿಗೆ ಓದಲು ಬರುವ ಅಕ್ಷರಗಳೇ, ಆದ್ದರಿಂದ ಅವಕ್ಕೂ ಪೈಥಾನ್ ಕೈಹಾಕಬಹುದು.

ಐದು ಗಂಟೆಯ ಕೆಲಸ

ದೀಪಕ್ಕೆ ಮರಳೋಣ. ರೆಸಿಸ್ಟರ್‌ಗಳು ಮನಸ್ಸಿಗೆ ಬಂದ ಅಂಕಿಯಲ್ಲಿ ಸಿಗುವುದಿಲ್ಲ. ಜಗತ್ತಿನಾದ್ಯಂತ ಒಪ್ಪಿದ ಸರಣಿಗಳಿವೆ. ಹನ್ನೆರಡು ಅಂಕಿಯ ಸರಣಿಯೆಂದರೆ 10, 12, 15, 18, 22, 27, 33, 39, 47, 56, 68, 82. ಇವುಗಳಲ್ಲಿ ಯಾವ ಜೋಡಿ 10.8 ವೋಲ್ಟಿಗೆ ಅತಿ ಹತ್ತಿರ? ಮೇಲಿನದಕ್ಕೆ ಹನ್ನೆರಡು, ಕೆಳಗಿನದಕ್ಕೆ ಹನ್ನೆರಡು, ಒಟ್ಟು 144 ಜೋಡಿ. ಮೌಸಿನಿಂದ ಒಂದು ಜೋಡಿಗೆ ಎರಡು ನಿಮಿಷ ಎಂದರೂ ಸುಮಾರು ಐದು ಗಂಟೆ. ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು ಹಾಕಿದ ಹತ್ತು ಸಾಲಿನ ಸ್ಕ್ರಿಪ್ಟಿಗೆ ಕೆಲವೇ ಕ್ಷಣ. 33 ಮತ್ತು 10ರ ಜೋಡಿಯೇ ಅತಿ ಹತ್ತಿರ ಎಂದು ಅದು ಹೇಳುತ್ತದೆ. ಅದರ ನಂತರದ್ದು 39 ಮತ್ತು 12, ಅದು ಕೊಡುವುದು 10.63 ವೋಲ್ಟು.

ಇಂಥ ಎರಡು ರೆಸಿಸ್ಟರಿನ ಲೆಕ್ಕಕ್ಕೆ ತಂತ್ರಾಂಶವೇ ಬೇಡ, ಕಾಗದ ಸಾಕು ಎಂದು ನೀವು ಹೇಳಬಹುದು. ಸರಿಯಾದ ಮಾತು. ಎರಡು ಭಾಗಗಳಿಗೆ ಎರಡು ತುದಿ ಎಂದರೆ ನಾಲ್ಕು ಮೂಲೆ. ಆದರೆ ಆ 2.5 ವೋಲ್ಟಿಗೂ ತನ್ನದೇ ಹರವಿದೆ. ಟಿಎಲ್431 ಎಂಬ ಅಗ್ಗದ ಚಿಪ್ಪಿನ ಸಾಮಾನ್ಯ ದರ್ಜೆಯಲ್ಲಿ ಅದು ಶೇ. 2. ಆಗ ಮೂಲೆಗಳು ಎಂಟಾದವು. ಹತ್ತು ಭಾಗಗಳಾದರೆ 1024. ಕಾಗದದ ಕೆಲಸ ಅಲ್ಲಿಗೆ ಮುಗಿಯಿತು.

ಎಲ್ಲ ಮೂಲೆಗಳನ್ನೂ ಲೆಕ್ಕ ಮಾಡುವುದು ಒಂದು ದಾರಿ. ಅದು ಅತಿ ಕೆಟ್ಟ ಗಳಿಗೆಯನ್ನು ತೋರಿಸುತ್ತದೆ. ಇನ್ನೊಂದು ದಾರಿಗೆ ಮೊನಾಕೋ ದೇಶದ ಜೂಜುಕಟ್ಟೆಯ ಹೆಸರಿದೆ, ಮಾಂಟೆ ಕಾರ್ಲೋ. ಪ್ರತಿ ರೆಸಿಸ್ಟರಿಗೂ ಅದರ ಹರವಿನೊಳಗೆ ಕಣ್ಣುಮುಚ್ಚಿ ಒಂದು ಅಂಕಿ ಎತ್ತಿ ಕೊಟ್ಟು, ಸಾವಿರ ಸಲ ಓಡಿಸುವುದು. ಸಾವಿರ ದೀಪ ಕಟ್ಟಿ ಸಾವಿರ ಕಂಬಕ್ಕೆ ಹಾಕಿ ನೋಡಿದಂತೆ. ಹರವು ಎಲ್ಲ ಕಡೆ ಸಮನಾಗಿದೆ ಎಂದಿಟ್ಟುಕೊಂಡರೆ, ಶೇ. 5ರ ರೆಸಿಸ್ಟರ್ ಹಾಕಿದ ನೂರು ದೀಪಗಳಲ್ಲಿ ಎಂಬತ್ತಕ್ಕೂ ಹೆಚ್ಚು 10.75ರ ಆಚೀಚೆ ಅರ್ಧ ವೋಲ್ಟಿನೊಳಗೇ ಆರುತ್ತವೆ. ಉಳಿದವು ತಕರಾರಿನ ದೀಪಗಳು. ಅದೇ ಸ್ಕ್ರಿಪ್ಟಿನಲ್ಲಿ 5 ಅಳಿಸಿ 1 ಎಂದು ಬರೆಯಿರಿ. ಅತಿ ಕೆಟ್ಟ ಗಳಿಗೆಯೇ 10.59ರಿಂದ 10.92ರೊಳಗೆ ಬಂದು ನಿಲ್ಲುತ್ತದೆ. ಶೇ. 1ರ ರೆಸಿಸ್ಟರಿಗೆ ಕೊಡುವ ಹೆಚ್ಚಿನ ಪೈಸೆ ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಕಣ್ಣಮುಂದೆ.

ಬೀದರಿನ ವಿದ್ಯಾರ್ಥಿಗೆ ಇದು ಇನ್ನೊಂದು ಕಾರಣಕ್ಕೂ ಮುಖ್ಯ. ಊರಿನಲ್ಲಿ ಸಿಗದ ಬಿಡಿಭಾಗಕ್ಕೆ ಅವನು ಹತ್ತುವುದು ಹೈದರಾಬಾದಿನ ಬಸ್ಸು. ಅಲ್ಲಿನ ಕೋಟಿ ಪ್ರದೇಶದ ಗುಜರಾತಿ ಗಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್‌ಚಾರ್ಜು, ಊಟ. ತಂದ ಮೇಲೆ ಅಂಕಿ ತಪ್ಪಿದರೆ ಮತ್ತೊಂದು ದಿನ. ಬೆಂಗಳೂರಿನವನಿಗೆ ತಪ್ಪು ಅಗ್ಗ, ಔರಾದಿನವನಿಗೆ ದುಬಾರಿ. ಬಸ್ಸು ಹತ್ತುವ ಮುಂಚೆ ಸಾವಿರ ಸಲ ತಪ್ಪು ಮಾಡಿ ನೋಡುವ ಅವಕಾಶ ಅವನಿಗೇ ಹೆಚ್ಚು ಬೇಕು.

27 ಡಿಗ್ರಿಯ ಲೋಕ

ನಾವು ಹೇಳದಿದ್ದರೂ ಸ್ಪೈಸ್ ತಾನೇ ಹಿಡಿದುಕೊಳ್ಳುವ ಅಂಕಿಯೊಂದಿದೆ: ಉಷ್ಣತೆ, 27 ಡಿಗ್ರಿ ಸೆಲ್ಸಿಯಸ್. ಲ್ಯಾಬಿನ ನೆರಳಿಗೆ ಸರಿ. ಮೇ ತಿಂಗಳ ನಡುಹಗಲು ಕಂಬದ ಮೇಲಿನ ತಗಡಿನ ಡಬ್ಬಿಯೊಳಗೆ 27 ಡಿಗ್ರಿ ಎಂದರೆ ಔರಾದಿನ ಕುರಿಮರಿಯೂ ನಂಬುವುದಿಲ್ಲ. ಸಿಲಿಕಾನ್ ಡಯೋಡಿನ ಎರಡು ತುದಿಗಳ ನಡುವಿನ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 40 ಡಿಗ್ರಿ ಏರಿದರೆ 80 ಮಿಲಿವೋಲ್ಟ್. ಸ್ಕ್ರಿಪ್ಟಿನ ಸುತ್ತಿಗೆ ಉಷ್ಣತೆಯನ್ನೂ ಸೇರಿಸಬೇಕು, 10 ಡಿಗ್ರಿಯ ಚಳಿಗಾಲದ ಬೆಳಗಿನಿಂದ 70 ಡಿಗ್ರಿಯ ಡಬ್ಬಿಯವರೆಗೆ.

ಇಲ್ಲೊಂದು ಮೋಸವಿದೆ. ಸ್ಪೈಸಿನ ರೆಸಿಸ್ಟರಿಗೆ ‘ಬಿಸಿಯಾದರೆ ನಿನ್ನ ಅಂಕಿ ಇಷ್ಟು ಬದಲಾಗುತ್ತದೆ’ ಎಂಬ ಗುಣವನ್ನು ನಾವೇ ಕೊಡಬೇಕು. ಕೊಡದಿದ್ದರೆ ಅದು ಸೊನ್ನೆ. ಸ್ಕ್ರಿಪ್ಟು ಉಷ್ಣತೆಯನ್ನು ಏರಿಸುತ್ತಾ ಹೋಗುತ್ತದೆ, ರೆಸಿಸ್ಟರ್ ತಪಸ್ಸಿಗೆ ಕೂತ ಋಷಿಯ ಹಾಗೆ ಅಲುಗಾಡುವುದಿಲ್ಲ, ಗ್ರಾಫು ನೇರ ಗೆರೆ. ಬಿಸಿಲಿಗೆ ನಮ್ಮ ಸರ್ಕ್ಯೂಟ್ ಜಗ್ಗುವುದಿಲ್ಲ ಎಂದು ವರದಿಯಲ್ಲಿ ಬರೆದುಬಿಡುತ್ತೇವೆ. ಯಂತ್ರ ಸುಳ್ಳು ಹೇಳಲಿಲ್ಲ. ನಾವು ಕೇಳದ್ದಕ್ಕೆ ಅದು ಉತ್ತರ ಕೊಡಲಿಲ್ಲ, ಅಷ್ಟೇ.

ಇನ್ನೂ ಮೂರು ಹೊಂಡಗಳಿವೆ. ಹೇಳದೆ ಹೋದರೆ ಈ ಬರಹ ಓದಿ ಸ್ಕ್ರಿಪ್ಟ್ ಬರೆಯುವವರು ನನ್ನನ್ನು ಶಪಿಸುತ್ತಾರೆ.

ಮೊದಲನೆಯದು ಎಂ ಅಕ್ಷರ. ಮೆಗಾ ಓಮ್ ಎಂದುಕೊಂಡು 1ರ ಮುಂದೆ ದೊಡ್ಡ ಎಂ ಬರೆಯುತ್ತೇವೆ. ಸ್ಪೈಸಿಗೆ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಎಂ ಎಂದರೆ ಅದಕ್ಕೆ ಮಿಲಿ. ಮೆಗಾ ಬೇಕಿದ್ದರೆ ‘ಮೆಗ್’ ಎಂದು ಮೂರು ಅಕ್ಷರ ಬರೆಯಬೇಕು. ಹತ್ತು ಲಕ್ಷ ಓಮ್ ಕೇಳಿದವನಿಗೆ ಒಂದು ಓಮಿನ ಸಾವಿರದಲ್ಲೊಂದು ಭಾಗ ಸಿಗುತ್ತದೆ. ನೂರು ಕೋಟಿ ಪಟ್ಟು ವ್ಯತ್ಯಾಸ. ಕೆಪಾಸಿಟರಿನ ಮುಂದೆ ಫ್ಯಾರಡ್ ಎಂದು ಎಫ್ ಬರೆದರೂ ಇದೇ ಗತಿ. ಎಫ್ ಎಂದರೆ ಫೆಮ್ಟೊ, ಸೊನ್ನೆಗೆ ಇನ್ನೂ ಹತ್ತಿರ.

ಎರಡನೆಯದು ಎನ್‌ಜಿಸ್ಪೈಸಿನದು. ಡಾಟ್ ಪ್ಯಾರಂ ಸಾಲಿನಲ್ಲಿ ಹೆಸರಿಟ್ಟ ಅಂಕಿಯನ್ನು ‘ಆಲ್ಟರ್‌ಪ್ಯಾರಂ’ ಆಜ್ಞೆಯಿಂದ ಬದಲಿಸಿದ ಮೇಲೆ ‘ರೀಸೆಟ್’ ಎನ್ನಲೇಬೇಕು. ಆಗಷ್ಟೇ ಪಟ್ಟಿ ಹೊಸದಾಗಿ ಓದಿಸಿಕೊಂಡು ಹೊಸ ಅಂಕಿ ಜಾರಿಗೆ ಬರುತ್ತದೆ. ಅನ್ನದಿದ್ದರೆ ಹಳೆಯ ಅಂಕಿಯೇ ಓಡುತ್ತದೆ, ಎಚ್ಚರಿಕೆಯೂ ಇಲ್ಲ, ತಪ್ಪಿನ ಸಂದೇಶವೂ ಇಲ್ಲ. ಇದಕ್ಕೆ ಎದುರಾಗಿ, ‘ಆಲ್ಟರ್’ನಿಂದ ಮಾಡಿದ ಬದಲಾವಣೆಯನ್ನು ರೀಸೆಟ್ ಅಳಿಸಿಹಾಕುತ್ತದೆ. ಅಣ್ಣತಮ್ಮಂದಿರಂಥ ಹೆಸರಿನ ಎರಡು ಆಜ್ಞೆಗಳು, ಒಬ್ಬನಿಗೆ ಮದ್ದಾದದ್ದು ಇನ್ನೊಬ್ಬನಿಗೆ ವಿಷ.

ಮೂರನೆಯದನ್ನು ಭಾಲ್ಕಿಯ ಒಂದು ಕಥೆಯಿಂದಲೇ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ಶಾಲೆಗಳಲ್ಲಿ ಉರ್ದುವಿನದೇ ದರ್ಬಾರು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಪಾಠ ಹೇಳಿಸಿದರು. ಗಡಿಯಲ್ಲಿ ಕನ್ನಡ ಉಳಿದ ಬಗೆಯನ್ನು ಹೇಳುವಾಗ ನಮ್ಮ ಜಿಲ್ಲೆಯ ಯಾರೂ ಈ ಮಾತು ಬಿಡುವುದಿಲ್ಲ. ಸರ್ಕ್ಯೂಟ್ ಚಿತ್ರದಲ್ಲೂ ಪ್ರತಿ ಭಾಗಕ್ಕೆ ಹೊರಗೊಂದು ಬೋರ್ಡಿದೆ, ಒಳಗೊಂದು ಪಾಠವಿದೆ. ಚಿತ್ರದಲ್ಲಿ ಪಕ್ಕಕ್ಕೆ ಕಾಣುವ 10 ಕೆ ಎಂಬುದು ಬೋರ್ಡು. ಸಿಮ್ಯುಲೇಷನ್ ಓದುವ ಅಂಕಿ ಇನ್ನೊಂದು ಖಾನೆಯಲ್ಲಿ ಕೂತಿರಬಹುದು. ಸ್ಕ್ರಿಪ್ಟು ಒಳಗಿನದನ್ನು ಬದಲಿಸಿ ಹೊರಗಿನದನ್ನು ಹಾಗೇ ಬಿಟ್ಟರೆ, ಪರದೆಯಲ್ಲಿ 10, ಲೆಕ್ಕದಲ್ಲಿ 12, ಅಂಗಡಿಯ ಚೀಟಿಯಲ್ಲಿ ಮತ್ತೆ 10. ಪಟ್ಟದ್ದೇವರು ಬೇಕೆಂದೇ, ಒಂದು ದೊಡ್ಡ ಉದ್ದೇಶಕ್ಕೆ ಹಾಗೆ ಮಾಡಿದರು. ನಾವು ಗೊತ್ತಿಲ್ಲದೆ ಮಾಡಿದರೆ ಸರ್ಕ್ಯೂಟ್ ಬೋರ್ಡೇ ಸುಡುತ್ತದೆ. ಸ್ಕ್ರಿಪ್ಟಿನ ಕೊನೆಯಲ್ಲಿ ಎರಡೂ ಖಾನೆಗಳನ್ನು ಹೋಲಿಸಿ ನೋಡುವ ಒಂದು ಸಾಲು ಇರಲೇಬೇಕು.

ಕೆಲಸಕ್ಕೆ ಹೋದ ಮೇಲೆ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ಕರ್ನಾಟಕದ ಕಸುಬಾಯಿತು. ಅಲ್ಲಿ ಒಂದು ಸರ್ಕ್ಯೂಟನ್ನು ಒಂದೇ ಅಂಕಿಗೆ ನೋಡಿ ಒಪ್ಪುವವರು ಯಾರೂ ಇಲ್ಲ. ಕಾರ್ಖಾನೆಯಲ್ಲಿ ಟ್ರಾನ್ಸಿಸ್ಟರ್ ಸ್ವಲ್ಪ ಚುರುಕಾಗಿ ಹುಟ್ಟಬಹುದು, ಸ್ವಲ್ಪ ಮಂದವಾಗಿ ಹುಟ್ಟಬಹುದು. ವೋಲ್ಟೇಜು ಏರುಪೇರಾಗಬಹುದು. ಉಷ್ಣತೆ ಸೊನ್ನೆಯ ಕೆಳಗೆ 40ರಿಂದ 125 ಡಿಗ್ರಿವರೆಗೆ ಹೋಗಬಹುದು. ಈ ಮೂರರ ಎಲ್ಲ ಮೂಲೆಗಳಲ್ಲೂ ಸರ್ಕ್ಯೂಟ್ ಪಾಸಾಗಬೇಕು. ಅದಕ್ಕೆ ದುಬಾರಿ ತಂತ್ರಾಂಶಗಳಲ್ಲಿ ಸ್ಕಿಲ್, ಓಷನ್ ಎಂಬ ಸ್ಕ್ರಿಪ್ಟ್ ಭಾಷೆಗಳಿವೆ. ಹೆಸರು ಬೇರೆ, ತಾತ್ಪರ್ಯ ನಮ್ಮ ಸೋಲಾರ್ ದೀಪದ್ದೇ. ಇಲ್ಲಿ ಎನ್‌ಜಿಸ್ಪೈಸಿನಲ್ಲಿ ಕೈ ಪಳಗಿಸಿಕೊಂಡವನಿಗೆ ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಾಗುಣಿತ ಮಾತ್ರ.

ಶುರು ಮಾಡುವುದಕ್ಕೆ ಐಐಟಿ ಬಾಂಬೆಯ ಫಾಸ್ಸೀ ಯೋಜನೆಯ ‘ಇ-ಸಿಮ್’ ಒಳ್ಳೆಯ ಬಾಗಿಲು. ಕೀಕ್ಯಾಡ್ ಮತ್ತು ಎನ್‌ಜಿಸ್ಪೈಸ್ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿಕೊಟ್ಟಿದ್ದಾರೆ, ಉಚಿತ. ವಿದ್ಯಾರ್ಥಿಗಳು ತಾವು ಸಿಮ್ಯುಲೇಟ್ ಮಾಡಿದ ಸರ್ಕ್ಯೂಟುಗಳನ್ನು ಅಲ್ಲಿಗೆ ಕೊಡುಗೆಯಾಗಿ ಸಲ್ಲಿಸಲೂಬಹುದು. ಕದ್ದು ತಂದ ದುಬಾರಿ ತಂತ್ರಾಂಶದ ಹಂಗಿಲ್ಲದೆ ಕಲಿಯಲು ಇಷ್ಟು ಸಾಕು.

ಇನ್ನು ಭಾಷೆಯ ಮಾತು. ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಹಿಂಜರಿಯುತ್ತಾರೆ ಎಂದು ಮೇಷ್ಟ್ರುಗಳು ಹೇಳುವುದುಂಟು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅಂಕಿಗಳಿಗೆ ಇಡುವ ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು. ಮೇಲ್‌ರೋಧ ಎಂದು ಬರೆದರೆ ಮಾತ್ರ ಸಿಟ್ಟಾಗುತ್ತದೆ, ಏಕೆಂದರೆ ಲ ಮತ್ತು ರ ಒತ್ತಾಗಿ ಬೆಸೆಯದಂತೆ ನಡುವೆ ಕಾಣದೆ ಕೂರುವ ಗುರುತೊಂದನ್ನು ಅದು ಒಪ್ಪುವುದಿಲ್ಲ. ‘ಮೇಲಿನರೋಧ’ ಎಂದು ಬರೆಯಿರಿ, ತಕರಾರಿಲ್ಲದೆ ಓಡುತ್ತದೆ. ಟಿಪ್ಪಣಿಗಳಂತೂ ಪೂರ್ತಿ ಕನ್ನಡದಲ್ಲಿರಲಿ: ಈ ಅಂಕಿ ಯಾಕೆ 33, ಯಾವ ಅಂಗಡಿಯಲ್ಲಿ ಸಿಕ್ಕಿತು, ಹರವು ಎಷ್ಟು, 39 ಯಾಕೆ ಬೇಡವಾಯಿತು. ಹೊರಗೆ ಇಂಗ್ಲಿಷ್ ಆಜ್ಞೆ, ಒಳಗೆ ಕನ್ನಡದ ವಿವರಣೆ. ಭಾಲ್ಕಿಯ ಉಪಾಯ ಇಲ್ಲಿ ನ್ಯಾಯವಾಗಿಯೇ ಒದಗುತ್ತದೆ.

ಇಷ್ಟಾದ ಮೇಲೂ ಸ್ಕ್ರಿಪ್ಟು ಜಾಣತನ ಕೊಡುವುದಿಲ್ಲ. ದೀಪ ಎಷ್ಟು ವೋಲ್ಟಿಗೆ ಆರಬೇಕು ಎಂಬುದನ್ನು ಬ್ಯಾಟರಿ ಬಲ್ಲವರು ಹೇಳಬೇಕು, ರಾತ್ರಿ ಎಷ್ಟು ಗಂಟೆಯವರೆಗೆ ಬೆಳಕು ಬೇಕು ಎಂಬುದನ್ನು ಊರಿನವರು ಹೇಳಬೇಕು. ಮಂದಿ ಎಷ್ಟು ಎಂದು ಕೇಳಿ ತಿಳಿಯುವ ಕೆಲಸ ಮನುಷ್ಯರದೇ. ಅಂಕಿಯನ್ನು ಒಂದೇ ಕಡೆ, ಹೆಸರಿಟ್ಟು, ಹರವಿನ ಸಮೇತ ಬರೆದಿಡಿ. ಮಿಕ್ಕ ತಿರುಗಾಟವನ್ನು ಯಂತ್ರಕ್ಕೆ ಬಿಡಿ.

ಕೊನೆಗೆ ಒಂದು ಮನೆಗೆಲಸ. ಮೇಲಿನ ಎರಡು ರೆಸಿಸ್ಟರಿನ ನಾಲ್ಕು ಮೂಲೆಗಳನ್ನು ಮೊದಲು ಕಾಗದದ ಮೇಲೆ ಕೈಯಾರೆ ಲೆಕ್ಕ ಹಾಕಿ. ಆಮೇಲೆ ಸ್ಕ್ರಿಪ್ಟ್ ಬರೆದು ಓಡಿಸಿ. ಎರಡರಲ್ಲೂ ಕೆಳಗಿನ ತುದಿ 9.96, ಮೇಲಿನ ತುದಿ 11.62 ಬಂದರೆ ನಿಮ್ಮ ಸ್ಕ್ರಿಪ್ಟನ್ನು ನಂಬಿ, ಹತ್ತು ಭಾಗಗಳ ಸರ್ಕ್ಯೂಟಿಗೆ ಹೋಗಿ. ಬರದಿದ್ದರೆ ಹೈದರಾಬಾದಿನ ಬಸ್ಸು ಹತ್ತಬೇಡಿ.